ಹೆಬ್ಬಾಗಿಲಿನ ತಾವರೆ ಮುದ್ರೆ

ಬಾತುಕೋಳಿಗೆ ಈಜು ಕಲಿಸಿದವನೇ ನಾನು. ಸುಳ್ಳು ಬಿಡಿ, ನನಗೆ ಬಚ್ಚಲ ಹಂಡೆ ಕಂಡರೂ ದಿಗಿಲು. ಕಥೆ ಕೇಳಿ.

ಬಾತುಕೋಳಿ ಮೇಷ್ಟ್ರ ಈಜುಪಾಠ ಮೆಚ್ಚಿ ಆಮೆಗಳ ಸಂಘ ತಾವರೆ ಮುದ್ರೆಯ ಹಲಗೆ ಕೊಟ್ಟಿತು. ಈಜುಪಾಠಕ್ಕೆ ಮಾತ್ರ ಎಂಬುದು ಕರಾರು. ಮೇಷ್ಟ್ರು ಅದನ್ನು ಶಾಲೆಯ ಹೆಬ್ಬಾಗಿಲಿಗೇ ತೂಗುಹಾಕಿ, ಒಳಗೆ ಮರ ಹತ್ತುವ ಪಾಠವನ್ನೂ ಶುರುಮಾಡಿದರು.

ನರಿಯ ಕಾಟಕ್ಕೆ ಹೆದರಿದ ಮೊಲಮ್ಮ ಮುದ್ರೆ ನೋಡಿ ಮರ ಹತ್ತುವ ಪಾಠಕ್ಕೆ ಸೇರಿಕೊಂಡಳು. ಮೂರನೇ ದಿನ ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡಳು.

ವಿಚಾರಣೆಗೆ ಆಮೆಯಜ್ಜ ಬಂದರು. "ಯಾರ ತಪ್ಪಮ್ಮಾ?"

"ನನ್ನದೇ ಅಜ್ಜಾ. ಮುದ್ರೆ ಇರೋ ಮೇಷ್ಟ್ರು ತಪ್ಪು ಕಲಿಸ್ತಾರಾ? ನಾನೇ ದಡ್ಡಿ. ಇನ್ನು ನರಿ ಬಂದರೆ ಓಡೋದಕ್ಕೂ ಆಗಲ್ಲ."

ಅವಳು ಬೈದಿದ್ದರೆ ಮೇಷ್ಟ್ರು ಹತ್ತು ನೆಪ ಹೇಳುತ್ತಿದ್ದರು. ಈಗ ಹಲಗೆ ಕಿತ್ತು ಅಜ್ಜನ ಮುಂದಿಟ್ಟರು.

"ಈಜುಪಾಠದ ಕಡೆ ಹಾಕಿಕೊಳ್ಳಯ್ಯಾ, ಅಲ್ಲಿ ಅದು ನಿನ್ನದೇ."

"ಮೊದಲು ಇವಳ ಕಾಲು ನೆಟ್ಟಗಾಗಲಿ, ಅಜ್ಜಾ."

ಮೊಲಮ್ಮನನ್ನು ಬೆನ್ನಿಗೇರಿಸಿಕೊಂಡು ಮೇಷ್ಟ್ರು ನರಿ ಬಾರದ ನಡುಗಡ್ಡೆಗೆ ಈಜಿದರು. ದಾರಿಯುದ್ದಕ್ಕೂ ಅವಳು "ಎಷ್ಟು ಚೆನ್ನಾಗಿ ಈಜ್ತೀರಿ ಮೇಷ್ಟ್ರೇ" ಎನ್ನುತ್ತಲೇ ಇದ್ದಳು. ಹಿಂತಿರುಗಿ ನೋಡಲು ಅವರಿಗೆ ಮುಖವಿರಲಿಲ್ಲ.

ನನ್ನ ಕಥೆಗೆ ಯಾವ ಮುದ್ರೆಯೂ ಇಲ್ಲ. ಹಿಡಿಸಿದ್ದರೆ, ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.