ತಪ್ಪೇ ಮಾಡದ ಲೆಕ್ಕಿಗ

“ಗುರುಗಳೇ, ಲೆಕ್ಕಿಗನಾದವನು ಹೆಸರು ಮಾಡುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನು ಲೆಕ್ಕ ಬರೆಯುವುದನ್ನು ಕಲಿತು ಮುಗಿಸಿದ್ದ. ಮರುದಿನ ಪೇಟೆಯಲ್ಲಿ ಅಂಗಡಿ ತೆರೆಯುವವನಿದ್ದ. ಬಾಗಿಲ ಮೇಲೆ ತೂಗುಹಾಕಲು ಒಂದು ಹಲಗೆಯನ್ನೂ ಬರೆಸಿ ತಂದಿದ್ದ. ಅದರಲ್ಲಿ ಅವನ ಹೆಸರಿನ ಕೆಳಗೆ ‘ತಪ್ಪಿಲ್ಲದ ಲೆಕ್ಕ’ ಎಂದಿತ್ತು.

“ಅಕ್ಷರ ಚೆನ್ನಾಗಿದೆ,” ಎಂದರು ಗುರುಗಳು. “ಕೂತುಕೋ, ಹೇಳುತ್ತೇನೆ.”

ಒಂದು ಪೇಟೆಯಲ್ಲಿ ಒಬ್ಬ ಲೆಕ್ಕಿಗನಿದ್ದ. ಯಾರ ಬೆಂಬಲವೂ ಇಲ್ಲದೆ ಮೇಲೆ ಬಂದವನು. ಗುರುತಿಲ್ಲದವನ ಬಳಿ ಯಾರೂ ಲೆಕ್ಕ ಬರೆಸುವುದಿಲ್ಲ ಎಂದು ಅವನಿಗೆ ಬೇಗ ತಿಳಿಯಿತು. ಆದ್ದರಿಂದ ಮೊದಲು ಹೆಸರನ್ನೇ ಕಟ್ಟಿದ. ದಿನವೂ ಒಂದೇ ಜಗುಲಿಯ ಮೇಲೆ ಕೂರುತ್ತಿದ್ದ. ಬಿಳಿಯ ರುಮಾಲನ್ನಲ್ಲದೆ ಬೇರೆ ಬಣ್ಣದ್ದನ್ನು ಸುತ್ತುತ್ತಿರಲಿಲ್ಲ. ಅಂಕಿಗಳನ್ನು ಕೂಡುವಾಗ ದಾರಿಹೋಕರಿಗೂ ಕೇಳಲೆಂದು ಗಟ್ಟಿಯಾಗಿ ಕೂಡುತ್ತಿದ್ದ. ಬೇರೆಯವರ ತಪ್ಪು ಕಂಡರೆ ನಾಲ್ಕು ಜನರ ಎದುರಿಗೆ ತೋರಿಸುತ್ತಿದ್ದ. ತನ್ನ ತಪ್ಪನ್ನು ಯಾರ ಕಣ್ಣಿಗಾದರೂ ಬೀಳುವ ಮೊದಲೇ ತಿದ್ದಿಬಿಡುತ್ತಿದ್ದ. ಇದರಲ್ಲಿ ಮೋಸವೇನೂ ಇರಲಿಲ್ಲ. ಕೆಲವು ವರ್ಷಗಳಲ್ಲಿ ಪೇಟೆ ಅವನಿಗೆ ಹೆತ್ತವರು ಇಟ್ಟ ಹೆಸರನ್ನು ಮರೆಯಿತು. ‘ತಪ್ಪೇ ಮಾಡದವರು’ ಎಂದು ಕರೆಯತೊಡಗಿತು.

ಅದೇ ಪೇಟೆಯಲ್ಲಿ ಬೆಲ್ಲದ ವ್ಯಾಪಾರಿಯೊಬ್ಬನ ಉಗ್ರಾಣವನ್ನು ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಬೀಗದಕೈ ಸದಾ ಅವಳ ಸೊಂಟದಲ್ಲಿರುತ್ತಿತ್ತು. ಒಂದು ವರ್ಷ ಹೊಳೆಯಾಚೆಯ ಊರಿನಿಂದ ಬೆಲ್ಲ ಬಂತು. ವರ್ಷದ ಕೊನೆಗೆ ತೂಗಿಸಿ ನೋಡಿದ ಲೆಕ್ಕಿಗ, “ಬೆಲ್ಲ ಕಡಿಮೆ ಇದೆ,” ಎಂದ. ಅಷ್ಟೇ ಹೇಳಿದ. ಯಾರೋ ಕದ್ದರು ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ. ವ್ಯಾಪಾರಿ ಅವಳಿಂದ ಬೀಗದಕೈ ಕಿತ್ತುಕೊಂಡ.

“ಇನ್ನೊಂದು ಸಲ ಲೆಕ್ಕ ನೋಡಿ,” ಎಂದು ಅವಳು ಕೇಳಿದಳು. ಪೇಟೆಯವರು ನಕ್ಕರು. ತಪ್ಪೇ ಮಾಡದವರ ಲೆಕ್ಕವನ್ನು ಇನ್ನೊಂದು ಸಲ ನೋಡುವುದುಂಟೇ? ಅಂದಿನಿಂದ ಅವಳಿಗೆ ಯಾರೂ ಕೆಲಸ ಕೊಡಲಿಲ್ಲ. ಅವಳು ಬಂದು ನಿಂತರೆ ಅಂಗಡಿಯವರು ಸರಕನ್ನು ಒಳಕ್ಕೆ ಸರಿಸುತ್ತಿದ್ದರು.

ಮುಂದೊಂದು ದಿನ ಲೆಕ್ಕಿಗ ಮದುವೆಗೆಂದು ಹೊಳೆಯಾಚೆಯ ಊರಿಗೆ ಹೋದ. ಅಲ್ಲಿ ಬೆಲ್ಲ ತೂಗುವುದನ್ನು ನೋಡುತ್ತ ನಿಂತ. ತಕ್ಕಡಿಯಲ್ಲಿದ್ದ ತೂಕದ ಕಲ್ಲು ಚಿಕ್ಕದಾಗಿ ಕಂಡಿತು. ವಿಚಾರಿಸಿದ. ಆ ಊರಿನ ಮಣ ತನ್ನ ಊರಿನ ಮಣಕ್ಕಿಂತ ಹಗುರ. ಅವನು ಎರಡೂ ಒಂದೇ ಎಂದು ತಿಳಿದು ಬರೆದುಕೊಂಡಿದ್ದ. ಬೆಲ್ಲ ಕಡಿಮೆಯಾಗಿರಲೇ ಇಲ್ಲ.

ಅವನು ಊಟಕ್ಕೆ ಕೂರಲಿಲ್ಲ. ಆ ಕಲ್ಲನ್ನು ಕೇಳಿ ಪಡೆದು, ಹೊತ್ತುಕೊಂಡು ಹಿಂದಿರುಗಿದ. ಈ ತಪ್ಪನ್ನು ಯಾರ ಕಣ್ಣಿಗೂ ಬೀಳದಂತೆ ತಿದ್ದುವ ದಾರಿ ಇರಲಿಲ್ಲ. ಕಟ್ಟಿದ ಹೆಸರು ಇಂದಿಗೆ ಮುಗಿಯಿತು ಎಂದುಕೊಂಡೇ ಪೇಟೆಯ ನಡುವೆ ನಿಂತ.

“ತಪ್ಪು ನನ್ನದು. ಆಕೆ ಕದ್ದಿಲ್ಲ,” ಎಂದ.

ವ್ಯಾಪಾರಿ ಕೈಮುಗಿದ. “ಬಿಡಿ ಸ್ವಾಮಿ, ನಿಮ್ಮಿಂದ ತಪ್ಪಾಗುತ್ತದೆಯೇ? ಆ ಕಳ್ಳಿಯ ಮೇಲೆ ನಿಮಗೆ ಮರುಕ ಹುಟ್ಟಿದೆ.”

ಲೆಕ್ಕಿಗ ಕಲ್ಲನ್ನು ಎತ್ತಿ ತೋರಿಸಿದ. “ಅವಳಿಗೋಸ್ಕರ ಕಲ್ಲು ಬೇರೆ ಹೊತ್ತಿದ್ದಾರೆ, ಪಾಪ,” ಎಂದು ಜನ ಕಣ್ಣೊರೆಸಿಕೊಂಡರು. ಅವನು ಕೂಗಾಡಿದ. ರುಮಾಲನ್ನು ಕಿತ್ತು ನೆಲಕ್ಕೆಸೆದ. ಯಾರೋ ಅದನ್ನೆತ್ತಿ ಕಣ್ಣಿಗೊತ್ತಿಕೊಂಡರು. ಅವನಿಗೆ ದಿಕ್ಕು ತೋಚಲಿಲ್ಲ. ತಾನು ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ಅವನಿಗೇ ಅನುಮಾನ ಬಂತು. ಜಗುಲಿಗೆ ಹೋಗಿ ಮತ್ತೆ ಕೂಡಿ ನೋಡಿದ. ತಪ್ಪು ಅಲ್ಲಿಯೇ ಇತ್ತು.

ಆಗ ಆ ಹೆಂಗಸು ಬಂದಳು.

“ಸ್ವಾಮಿ, ಸಾಕು ಮಾಡಿ,” ಎಂದಳು. “ನಿನ್ನೆಯವರೆಗೆ ಬರಿಯ ಕಳ್ಳಿಯಾಗಿದ್ದೆ. ಇವತ್ತು ದೇವರಂಥ ಮನುಷ್ಯನ ಬಾಯಲ್ಲಿ ಸುಳ್ಳಾಡಿಸಿದ ಕಳ್ಳಿಯಾದೆ. ನೀವು ಇನ್ನೂ ಬಾಯಿ ತೆರೆದರೆ ನಾಳೆ ಏನಾಗಲಿ ನಾನು?”

ಅವಳು ಊರು ಬಿಟ್ಟಳು. ದೂರದ ಊರಿನ ಗಾಣವೊಂದರಲ್ಲಿ ಕೆಲಸ ಕೇಳಿದಳು. ಅವಳ ಮೇಲಿನ ಅಪವಾದ ಅವಳಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ಅವಳನ್ನು ಕಳುಹಿಸಿಬಿಡಬೇಕೆಂದು ಗಾಣದ ಯಜಮಾನ ಎದ್ದ. ಅಷ್ಟರಲ್ಲಿ ಅವಳನ್ನು ಹುಡುಕಿಕೊಂಡು ಹೊರಟಿದ್ದ ಲೆಕ್ಕಿಗನೂ ಅಲ್ಲಿಗೆ ಬಂದು ತಲುಪಿದ. ಆ ಊರಿನಲ್ಲಿ ಅವನನ್ನು ಬಲ್ಲವರಿರಲಿಲ್ಲ.

“ಆಕೆ ಕದ್ದಿಲ್ಲ. ಲೆಕ್ಕ ಬರೆದವನು ನಾನು. ಮಣದ ಲೆಕ್ಕದಲ್ಲಿ ನಾನೇ ತಪ್ಪಿದೆ,” ಎಂದ.

“ಇಷ್ಟೇನಾ?” ಎಂದ ಯಜಮಾನ. “ನಮ್ಮಲ್ಲೂ ಒಬ್ಬನಿದ್ದಾನೆ ನಿನ್ನಂಥ ಕತ್ತೆ. ವರ್ಷ ವರ್ಷ ಯಾರನ್ನಾದರೂ ಅಳಿಸುತ್ತಾನೆ.”

ಹಾಗೆಂದು ತನ್ನ ಉಗ್ರಾಣದ ಬೀಗದಕೈಯನ್ನು ಅವಳ ಮುಂದಿಟ್ಟ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಲೆಕ್ಕಿಗನ ಕಡೆ ತಿರುಗಿಯೂ ನೋಡಲಿಲ್ಲ.

ಲೆಕ್ಕಿಗ ತನ್ನ ಪೇಟೆಗೆ ಮರಳಿದ. ಜಗುಲಿಗೆ ತೋರಣ ಕಟ್ಟಿ ಜನ ಕಾಯುತ್ತಿದ್ದರು. ಕಳ್ಳಿಗೂ ಒಂದು ದಾರಿ ಮಾಡಿಕೊಟ್ಟು ಬಂದ ಪುಣ್ಯಾತ್ಮ ಎಂದು ಹಾರ ಹಾಕಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹಲಗೆಯನ್ನು ನೆಲದ ಮೇಲಿಟ್ಟ.

“ನನಗೆ ತಿಳಿಯಲಿಲ್ಲ ಗುರುಗಳೇ. ಹೆಸರಿಲ್ಲದಿದ್ದರೆ ನನ್ನ ಬಳಿ ಯಾರೂ ಬರುವುದಿಲ್ಲ. ಹೆಸರಾದರೆ ಹೀಗೆ. ಈಗ ಈ ಹಲಗೆಯನ್ನು ಏನು ಮಾಡಲಿ? ತೂಗುಹಾಕಲೋ ಬೇಡವೋ?”

ಗುರುಗಳು ಹಲಗೆಯನ್ನೆತ್ತಿ ಅವನ ಕೈಗೆ ಕೊಟ್ಟರು.

“ತೂಗುಹಾಕು, ಆದರೆ ನೀನು ತಪ್ಪಿದ ದಿನ ಇದನ್ನು ಇಳಿಸಲು ಬಿಡುತ್ತಾರೆಯೇ ಎಂದು ಮೊದಲು ಪೇಟೆಯವರನ್ನು ಕೇಳಿಕೊಂಡು ಬಾ.”