ಸಕ್ಕರೆ ಗೂಡು, ಬೆಲ್ಲದ ಗೂಡು

ಒಂದೇ ಅಂಗಡಿಯ ಗೋಡೆಯಲ್ಲಿ ಎರಡು ಪುಟ್ಟ ಇರುವೆಗೂಡುಗಳಿದ್ದವು. ಒಂದು ಸಕ್ಕರೆ ಮೂಟೆಯ ಹಿಂದೆ, ಇನ್ನೊಂದು ಬೆಲ್ಲದ ಮೂಟೆಯ ಹಿಂದೆ. ಎರಡೂ ಸಿರಿವಂತ ಗೂಡುಗಳೇ. ಒಮ್ಮೆ ಎರಡು ಮುದಿ ಇರುವೆಗಳು ಗೋಡೆಯ ನಡುವೆ ಎದುರಾದವು.

“ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಣೆ, ಅಕ್ಕಾ,” ಎಂದಿತು ಸಕ್ಕರೆ ಗೂಡಿನ ಇರುವೆ.

“ನಮ್ಮಲ್ಲಿ ಮಧ್ಯಾಹ್ನದ ಮೇಲೆ ಯಾರೂ ದುಡಿಯುವುದಿಲ್ಲ, ತಂಗೀ,” ಎಂದಿತು ಬೆಲ್ಲದ ಗೂಡಿನದು.

“ನಮ್ಮ ಉಗ್ರಾಣ ಮಳೆಗಾಲ ಕಳೆದರೂ ಬರಿದಾಗದು.”

“ನಮ್ಮದು ತುಂಬಿ, ಬಾಗಿಲೇ ಹಾಕಲಾಗುತ್ತಿಲ್ಲ.”

ಹೀಗೆ ಹೋಲಿಸಿ ಹೋಲಿಸಿ ಇಬ್ಬರಿಗೂ ಬೇಸರ ಬಂತು. ಸಕ್ಕರೆ ಗೂಡಿನ ತಂಗಿ ಮೆಲ್ಲನೆ ಕೇಳಿತು: “ಅಂಗಡಿ ಮುಚ್ಚಿದ್ದ ಆ ಬೇಸಿಗೆ ನೆನಪಿದೆಯೇ?”

“ಮರೆಯುವುದುಂಟೇ? ಇದೇ ಜಾಗದಲ್ಲಿ ಸಿಕ್ಕಿದ್ದೆ ನೀನು.”

“ನೀನು ಮೀಸೆಗೆ ಮೀಸೆ ತಾಗಿಸಿ ‘ಊಟ ಆಯ್ತಾ’ ಎಂದೆ. ಹೊಟ್ಟೆಯಲ್ಲಿ ಉಳಿದಿದ್ದ ಒಂದೇ ತೊಟ್ಟು ಬೆಲ್ಲದ ರಸವನ್ನು ಬಾಯಿಗೆ ತಂದು ನನಗೆ ಕೊಟ್ಟೆ. ಅಂಥ ರುಚಿ ಮತ್ತೆ ಸಿಗಲಿಲ್ಲ ಅಕ್ಕಾ.”

ಅಕ್ಕ ಹತ್ತಿರ ಬಂದು ಮೀಸೆ ತಾಗಿಸಿತು. “ಊಟ ಆಯ್ತಾ, ತಂಗೀ?” ಎಂದು ಕೇಳಿ, ಹೊಟ್ಟೆಯಿಂದ ಒಂದು ತೊಟ್ಟು ರಸವನ್ನು ಬಾಯಿಗೆ ತಂದುಕೊಂಡಿತು.

ತಂಗಿ ಆಸೆಯಿಂದ ಬಾಯಿ ತೆರೆಯಿತು. ಆದರೆ ಅದರ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಅಕ್ಕ ಆ ತೊಟ್ಟನ್ನು ತಾನೇ ನುಂಗಿಕೊಂಡು ತನ್ನ ಗೂಡಿನತ್ತ ತಿರುಗಿತು.