ಸುಳ್ಳವ್ವನ ಗುಡ್ಡ

ಕಾರಮಟ್ಟಿಯ ಪಡುವಣ ದಿಕ್ಕಿಗೆ, ಪಾಳುಬಿದ್ದ ಕೋಟೆಯ ಹಿಂಬದಿಯಲ್ಲಿ, ಒಂದು ಬೋಳು ಗುಡ್ಡವಿದೆ. ಕರಿಬಂಡೆ, ಕಾರೆಮುಳ್ಳು, ಕಳ್ಳಿ ಬಿಟ್ಟರೆ ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಸರ್ಕಾರದ ನಕ್ಷೆಯಲ್ಲಿ ಅದಕ್ಕೆ ಗವಿಗುಡ್ಡ ಎಂಬ ಹೆಸರಿದೆ. ಆ ಹೆಸರು ಹಿಡಿದು ದಾರಿ ಕೇಳಿದರೆ ಊರಿನಲ್ಲಿ ಯಾರೂ ತೋರಿಸಲಾರರು. ಸುಳ್ಳವ್ವನ ಗುಡ್ಡ ಎನ್ನಿ, ದನ ಕಾಯುವವರೂ ಕೈ ಎತ್ತಿ ತೋರಿಸುತ್ತಾರೆ. ನಾಳೆ ಕೋರ್ಟಿನಲ್ಲಿ ಸುಳ್ಳುಸಾಕ್ಷಿ ನುಡಿಯಬೇಕಾದವರು, ಗಂಡಿನ ಕುಡಿತ ಮುಚ್ಚಿಟ್ಟು ಸಂಬಂಧ ಕುದುರಿಸುವವರು, ಬತ್ತಿದ ಎಮ್ಮೆಯನ್ನು ಹಾಲಿನೆಮ್ಮೆ ಎಂದು ಸಂತೆಗೆ ಹೊಡೆಯುವವರು, ಎಲ್ಲರೂ ಮೊದಲು ಇಲ್ಲಿಗೆ ಬಂದು ಒಂದು ಕಾಯಿ ಒಡೆಸಿ ಹೋಗುತ್ತಾರೆ. ಅವ್ವ ಕೈ ಹಿಡಿದರೆ ಎಂಥ ಸುಳ್ಳೂ ದಕ್ಕುತ್ತದೆ ಎನ್ನುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಈ ಊರಿನ ಬಣ್ಣಗಾರರ ಓಣಿಯವನು. ಈ ಹೆಸರನ್ನು ಇಟ್ಟವರು ನಮ್ಮವರೇ. ನಮ್ಮಜ್ಜಿ ತಾನು ಬದುಕಿರುವ ತನಕ ಆ ಗುಡ್ಡ ಹತ್ತಲಿಲ್ಲ, ನಮ್ಮನ್ನೂ ಹತ್ತಗೊಡಲಿಲ್ಲ. ಆಕೆ ಹೇಳಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ನಮ್ಮ ಓಣಿಯ ಮನೆಮನೆಯ ಅಂಗಳದಲ್ಲೂ ನೆಲದಲ್ಲಿ ಹೂತ ನೀಲಿ ಬಾನಿಗಳಿದ್ದವು. ಆಳೆತ್ತರದ ಮಣ್ಣಿನ ಪಾತ್ರೆಗಳು ಅವು. ನೀಲಿಯ ಬಿಲ್ಲೆ, ಸುಣ್ಣ, ಬೇಯಿಸಿದ ತಗಚೆ ಬೀಜ ಹಾಕಿ ಹುಳಿಯದಂತೆ, ಕೊಳೆಯದಂತೆ ಹದವಾಗಿ ಕಾಯುತ್ತ ಹೋದರೆ ಒಂದು ದಿನ ಮೇಲೆ ತಾಮ್ರದ ಬಣ್ಣದ ನೊರೆ ಏಳುತ್ತದೆ. ಆಗ ಬಾನಿ ಕೂಡಿತು ಎನ್ನುತ್ತಿದ್ದರು. ಅದ್ದಿದ ಬಟ್ಟೆ ಹಸಿರಾಗಿ ಎದ್ದು ಗಾಳಿ ತಾಕಿದೊಡನೆ ನೀಲಿಯಾಗುತ್ತಿತ್ತು. ಕೆಲವೊಮ್ಮೆ ಏನು ಮಾಡಿದರೂ ಬಾನಿ ಕೂಡುತ್ತಿರಲಿಲ್ಲ. ಅದಕ್ಕೆ ನಮ್ಮವರ ಬಳಿ ಒಂದು ವಿಚಿತ್ರ ಮದ್ದಿತ್ತು: ಬಾನಿಯ ಒಡತಿ ಬಾವಿಕಟ್ಟೆಗೆ ಹೋಗಿ, ಯಾರೂ ನಂಬಲಾರದಂಥ ಒಂದು ಹಸಿಸುಳ್ಳನ್ನು ಊರಿಗೆ ಬಿಡಬೇಕು. ಸುಳ್ಳು ಎಷ್ಟು ದೂರ ಹೋದರೆ ಬಾನಿಗೆ ಅಷ್ಟು ಜೀವ. ಆದರೆ ಆ ಬಾನಿಯ ಬಣ್ಣ ತೀರುವವರೆಗೆ ಓಣಿಯ ಯಾರೊಬ್ಬರೂ ಅದು ಸುಳ್ಳೆಂದು ಬಾಯಿಬಿಡಬಾರದು. ಬಿಟ್ಟರೆ ಆ ಬಾನಿ ಸಾಯುತ್ತದೆ, ಅದರ ತಿಳಿಯನ್ನು ಹೆಪ್ಪಿಗೆ ಒಯ್ದ ಬಾನಿಗಳೂ ಸಾಯುತ್ತವೆ. ಹೀಗೆಂದು ನಮ್ಮ ಹಿರಿಯರು ನಂಬಿದ್ದರು. ಸುಣ್ಣ ಬಿಸಿಲುಗಳ ಹದ ತಪ್ಪಿದ್ದಕ್ಕೆ ಸುಳ್ಳೇನು ಮಾಡೀತು, ನಿಜವೇನು ಮಾಡೀತು! ಆದರೂ ನಂಬಿದ್ದರು.

ಓಣಿಯ ಯಜಮಾನ ಕೆಂಚಪ್ಪನಿಗೆ ಬೊಮ್ಮಕ್ಕ ಎಂಬ ಒಬ್ಬಳೇ ಮಗಳು. ತಾಯಿ ಸತ್ತ ಮೇಲೆ ತಾಯಿಯ ಬಾನಿಯನ್ನು ಅವಳೇ ನಡೆಸುತ್ತಿದ್ದಳು. ಮೊಣಕೈವರೆಗೂ ಅವಳ ಕೈಗಳು ಎಷ್ಟು ತೊಳೆದರೂ ನೀಲಿಯೇ. ಬಂದ ಗಂಡುಗಳನ್ನೆಲ್ಲ ಒಲ್ಲೆ ಎನ್ನುತ್ತಿದ್ದಳು. ಕಾರಣ ಓಣಿಗೆ ಗೊತ್ತಿತ್ತು. ಗುಡ್ಡದ ಗವಿಯಲ್ಲಿ ಸೂರವ್ವ ಎಂಬ ಮದ್ದುಗಾತಿಯೊಬ್ಬಳಿದ್ದಳು. ಬೇರು ನಾರು ತೇದು ಕೂಸುಗಳ ಜ್ವರ ಇಳಿಸುವಳು, ಹೆರಿಗೆ ಮಾಡಿಸುವಳು, ದೃಷ್ಟಿ ತೆಗೆಯುವಳು. ಬೊಮ್ಮಕ್ಕನ ಕೈಯ ಸುಣ್ಣದ ಹುಣ್ಣಿಗೆ ಮದ್ದು ಹಚ್ಚುತ್ತ ಹಚ್ಚುತ್ತ ಒಬ್ಬರನ್ನು ಬಿಟ್ಟು ಒಬ್ಬರಿಗೆ ಇರಲಾಗದ ಹಾಗಾಯಿತು. ಗೆಳೆತನ ಎಂದು ಹೇಳಿ ಜಾರಿಕೊಳ್ಳುವವರು ಇವತ್ತೂ ಇದ್ದಾರೆ. ನಮ್ಮಜ್ಜಿ ಹಾಗೆ ಹೇಳಲಿಲ್ಲ. ಗಂಡ ಹೆಂಡಿರಿಗಿಂತ ಒಂದು ಕೈ ಹೆಚ್ಚಾಗಿಯೇ ಇದ್ದರು ಎಂದಳು. ನೀಲಿ ನೂಲಿನ ಎಳೆಯೊಂದನ್ನು ಒಬ್ಬರ ಮಣಿಕಟ್ಟಿಗೆ ಒಬ್ಬರು ಕಟ್ಟಿ, ಗವಿಯ ಮುಂದಿನ ಬಂಡೆಯ ದೊಣೆಯಲ್ಲಿ ನಿಂತ ನೀರು ಕುಡಿದು ಆಣೆ ಮಾಡಿಕೊಂಡಿದ್ದರಂತೆ.

ಆ ವರ್ಷ ಬೊಮ್ಮಕ್ಕನ ಬಾನಿ ಕೂಡಲಿಲ್ಲ. ಕೆಂಚಪ್ಪ ಇದೇ ಸಮಯವೆಂದು ಖಡಾಖಂಡಿತ ಮಾತು ಹೇಳಿದ. "ಬಾನಿ ನಡೆಸೋ ಹೆಣ್ಣು ಅಂತ ಇಷ್ಟು ದಿನ ಸುಮ್ಮನಿದ್ದೆ ಕಣವ್ವಾ. ಈ ಬಾರಿ ಬಾನಿ ಕೂಡದಿದ್ರೆ ನಿನ್ನನ್ನ ಹೊಳೆಯಾಚೆ ಕೊಟ್ಟುಬಿಡ್ತೀನಿ." ಹೊಳೆಯಾಚೆ ಎಂದರೆ ಹೆಂಡತಿ ಸತ್ತ ಒಬ್ಬ ಮುದಿ ಬಣ್ಣಗಾರ. ಬಾನಿ ಕೂಡಿದರೆ ಸೂರವ್ವನ ಜೊತೆ ಬಾಳು, ಕೂಡದಿದ್ದರೆ ಹೊಳೆಯಾಚೆ. ಬೊಮ್ಮಕ್ಕ ಅಳುತ್ತ ಗುಡ್ಡ ಹತ್ತಿದಳು. ಸುಳ್ಳು ಬಿಡಬೇಕು, ಯಾರ ಮೇಲೆ ಬಿಡಲಿ, ಯಾರ ಮೇಲೆ ಬಿಟ್ಟರೂ ಜಗಳ ಎಂದು ಕೂತಳು. ಸೂರವ್ವ ನಕ್ಕುಬಿಟ್ಟಳು. "ಅಯ್ಯೋ ಹುಚ್ಚಿ, ನಾನಿಲ್ವೇನೇ? ನನ್ನ ಮೇಲೆ ಬಿಡು. ನಾನೇನು ಜಗಳಕ್ಕೆ ಬರ್ತೀನಾ?" ಇಬ್ಬರೂ ಕೂಡಿಯೇ ಆ ಸುಳ್ಳನ್ನು ಕಟ್ಟಿದರಂತೆ. ಕಟ್ಟುತ್ತ ಕಟ್ಟುತ್ತ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಮರುದಿನ ಬೊಮ್ಮಕ್ಕ ಬಾವಿಕಟ್ಟೆಯಲ್ಲಿ ಕೊಡ ಇಳಿಸಿ ಹೇಳಿದಳು: "ಕೇಳಿದ್ರೇನ್ರೇ, ಗವಿಯ ಸೂರವ್ವ ತನ್ನ ತಲೇನ ಕಿತ್ತು ತೊಡೆ ಮೇಲಿಟ್ಕೊಂಡು ಹೇನು ನೋಡ್ಕೊತಾಳೆ! ನಾನೇ ಕಂಡೆ." ಓಣಿಯ ಹೆಂಗಸರು ಅರ್ಥ ಮಾಡಿಕೊಂಡು ಮುಸಿಮುಸಿ ನಕ್ಕು, ಹೌದೇ ತಾಯಿ ಎಂದು ಬಾಯಿಗೆ ಸೆರಗು ಹಿಡಿದರು. ಸುಳ್ಳು ಪೇಟೆಗೆ ಹೋಯಿತು, ಸಂತೆಗೆ ಹೋಯಿತು. ಬಾನಿಯ ಮೇಲೆ ತಾಮ್ರದ ನೊರೆ ಎದ್ದಿತು. ಬೊಮ್ಮಕ್ಕ ಬಾನಿಗೆ ಅರಿಶಿನ ಕುಂಕುಮವಿಟ್ಟು ಕೈಮುಗಿದಳು. ಅಷ್ಟರಲ್ಲಿ ಸುಳ್ಳು ಕೋಟೆಯೊಳಕ್ಕೂ ಹೊಕ್ಕಿತ್ತು. ಕೋಟೆಯವರಿಗೆ ಬಣ್ಣಗಾರರ ಪದ್ಧತಿ ಏನು ಗೊತ್ತು? ಬಾಯಿಂದ ಬಾಯಿಗೆ ಬೀಳುತ್ತ ಆ ತಲೆ ಈಗ ತೊಡೆಯಿಂದೆದ್ದು ಮನೆಮನೆಯ ತೊಟ್ಟಿಲು ಮೂಸುತ್ತಿತ್ತು. ಅದೇ ವಾರ ಪಾಳೆಯಗಾರನ ಒಂದೇ ಕೂಸು ಜ್ವರದಲ್ಲಿ ತೀರಿಕೊಂಡಿತು. ಸಾಯುವ ಮುಂಚೆ ಅದಕ್ಕೆ ಮದ್ದು ಕುಡಿಸಿದವಳು ಸೂರವ್ವ. ಮಾಟಗಾತಿಯೆಂದು ಅವಳನ್ನು ಕಟ್ಟಿ ಎಳೆದುಕೊಂಡು ಹೋಗಿ ಕೋಟೆಯ ಸೆರೆಗೆ ತಳ್ಳಿದರು.

ಬೊಮ್ಮಕ್ಕ ಚಾವಡಿಗೆ ಓಡಿದಳು. ಓಣಿಯ ಕಟ್ಟು ಮುರಿದು, ತುಂಬಿದ ಸಭೆಯಲ್ಲಿ, ಅದು ನಾನು ಬಾನಿಗಾಗಿ ಬಿಟ್ಟ ಸುಳ್ಳು ಎಂದು ಕೂಗಿ ಹೇಳಿದಳು. ಪಾಳೆಯಗಾರ ಕೆಂಚಪ್ಪನನ್ನೂ ಓಣಿಯ ಹಿರಿಯರನ್ನೂ ಕರೆಸಿ, ಈ ಹೆಣ್ಣು ಹೇಳುವುದು ನಿಜವೇ ಎಂದು ಕೇಳಿದ. ಒಂದು ಮಾತು ಸಾಕಿತ್ತು. ಹೌದು ಬುದ್ಧಿ, ನಮ್ಮಲ್ಲಿ ಹೀಗೊಂದು ಪದ್ಧತಿ ಉಂಟು ಎಂದಿದ್ದರೆ ಒಂದು ಜೀವ ಉಳಿಯುತ್ತಿತ್ತು. ಹಿರಿಯರು ಬೊಮ್ಮಕ್ಕನ ಬಾನಿಯ ತಿಳಿಯನ್ನು ಹೆಪ್ಪಿಗೆ ಒಯ್ದ ತಮ್ಮ ತಮ್ಮ ಮನೆಯ ಬಾನಿ ನೆನೆದು ತಲೆ ತಗ್ಗಿಸಿದರು. ಕೆಂಚಪ್ಪ ಬಾನಿಯನ್ನೂ ನೆನೆದ, ಮಗಳ ಮಣಿಕಟ್ಟಿನ ನೂಲನ್ನೂ ನೋಡಿದ. ಕೈ ಜೋಡಿಸಿ, "ಪದ್ಧತಿ ಗಿದ್ಧತಿ ಏನೂ ಇಲ್ಲ ಬುದ್ಧಿ. ತಲೆ ಕಿತ್ತಿದ್ದನ್ನ ನಾನೂ ಕಂಡಿದ್ದೀನಿ. ನನ್ನ ಮಗಳಿಗೆ ಅವಳು ಮಂಕುಬೂದಿ ಎರಚವ್ಳೆ," ಎಂದ. ಥೂ! ಅವನ ದಾಯಾದಿಗಳ ವಂಶದಲ್ಲಿ ಹುಟ್ಟಿದವನು ನಾನು, ಹೇಳಲಿಕ್ಕೆ ನಾಲಿಗೆ ಏಳುವುದಿಲ್ಲ.

ಬೊಮ್ಮಕ್ಕನಿಗೆ ಉಳಿದದ್ದು ಬಾನಿಯೊಂದೇ ಸಾಕ್ಷಿ. ನಾನು ಗುಟ್ಟು ಒಡೆದಿದ್ದೇನೆ, ನಮ್ಮ ಕಟ್ಟಿನಂತೆ ಬಾನಿ ಈಗ ಸತ್ತಿರಬೇಕು, ಹೋಗಿ ನೋಡಿ ಎಂದಳು. ಆಳುಗಳು ಹೋಗಿ ಬಟ್ಟೆ ಅದ್ದಿ ತಂದರು. ಸಭೆಯ ಕಣ್ಣೆದುರಿಗೇ ಅದು ಹಸಿರಿನಿಂದ ನೀಲಿಗೆ ತಿರುಗಿತು. ಓಣಿಯಲ್ಲಿ ಅಷ್ಟು ಚೆನ್ನಾದ ನೀಲಿ ಯಾರೂ ಕಂಡಿರಲಿಲ್ಲವಂತೆ. ಬಾನಿ ಬದುಕಿದೆ, ಹಾಗಾದರೆ ಈಗ ಹೇಳಿದ್ದೇ ಸುಳ್ಳು, ಮೊದಲು ಹೇಳಿದ್ದು ನಿಜ ಎಂದು ತೀರ್ಮಾನವಾಯಿತು. ಸೂರವ್ವನನ್ನು ಅವಳ ಗವಿಯೊಳಗೇ ಕೂರಿಸಿ ಗವಿಯ ಬಾಯಿಗೆ ಗೋಡೆ ಕಟ್ಟಲು ಅಪ್ಪಣೆಯಾಯಿತು.

ಕಲ್ಲುಕುಟಿಗರು ಗುಡ್ಡ ಹತ್ತುವಾಗ ಬೊಮ್ಮಕ್ಕ ಮನೆಗೆ ಓಡಿದಳು. ಹರವಿಯಲ್ಲಿದ್ದ ಹುಣಸೆಹುಳಿಯನ್ನೆಲ್ಲ ತನ್ನ ಬಾನಿಗೆ ಸುರಿದಳು. ಹುಳಿ ಬಿದ್ದರೆ ನೀಲಿ ಬಾನಿ ಉಳಿಯುವುದಿಲ್ಲ. ತಾಯಿಯ ಬಾನಿ, ಹೊಳೆಯಾಚೆ ಹೋಗದಂತೆ ತನ್ನನ್ನು ಕಾಯುತ್ತಿದ್ದ ಬಾನಿ, ಬುರಬುರನೆ ನೊರೆ ಉಕ್ಕಿಸಿ ಸತ್ತುಹೋಯಿತು. ಸೀರೆಯ ತುಂಡೊಂದನ್ನು ಅದ್ದಿದಳು. ಅದು ರಾಡಿ ಬಿಳುಪಾಗಿಯೇ ಎದ್ದಿತು. ಅದನ್ನು ಹಿಡಿದು ಗುಡ್ಡ ಹತ್ತಿ, "ನೋಡ್ರಪ್ಪೋ, ಬಾನಿ ಸತ್ತೈತೆ! ನಾನು ಹೇಳಿದ್ದು ನಿಜ, ಗೋಡೆ ನಿಲ್ಲಿಸ್ರಪ್ಪೋ!" ಎಂದು ಒಬ್ಬೊಬ್ಬರ ಕಾಲಿಗೂ ಬಿದ್ದಳು. ಕೋಟೆಯ ಕಾವಲಿನವನು ಬಟ್ಟೆಯನ್ನು ತಿರುವಿ ನೋಡಿ, ಒಳಗೆ ಕೂತೇ ಬಾನಿಗೆ ಕಣ್ಣು ಹಾಕಿದಳಲ್ಲ, ಎಂಥ ಮಾಟಗಾತಿ ಇರಬೇಕು, ಬೇಗ ಮುಚ್ಚಿ ಎಂದ. ಬಾನಿ ಬದುಕಿದರೂ ಅವಳು ಮಾಟಗಾತಿ, ಸತ್ತರೂ ಮಾಟಗಾತಿ. ಬೊಮ್ಮಕ್ಕ ಬಟ್ಟೆಯನ್ನು ಕೆಳಗೆ ಬಿಟ್ಟಳು.

ಗೋಡೆಯಲ್ಲಿ ಕೊನೆಯ ಒಂದು ಕಲ್ಲಿನ ಜಾಗ ಉಳಿದಿತ್ತು. ಬೊಮ್ಮಕ್ಕ ಗೋಡೆಗೆ ಆತು ಕೂತು ಆ ಸಂದಿನಲ್ಲಿ ಬಲಗೈಯನ್ನು ಭುಜದವರೆಗೂ ತೂರಿಸಿದಳು. ಒಳಗಿನಿಂದ ಎರಡು ಕೈಗಳು ಅದನ್ನು ಹಿಡಿದುಕೊಂಡವು. ಬಾನಿ ಕೂಡಿದ್ದಾಗಲಿ ಚಾವಡಿಯಲ್ಲಿ ನಡೆದದ್ದಾಗಲಿ ಒಳಗಿದ್ದವಳಿಗೆ ತಿಳಿದಿರಲಿಲ್ಲ, ಕಲ್ಲು ಕುಟ್ಟುವ ಸದ್ದಿನಲ್ಲಿ ಬೊಮ್ಮಕ್ಕನ ಕೂಗೂ ಕೇಳಿರಲಿಲ್ಲ. ಕತ್ತಲೊಳಗಿನಿಂದ ಅವಳು ಕೇಳಿದ್ದು ಇಷ್ಟೇ ಎನ್ನುತ್ತಾರೆ:

"ಬಾನಿ ಕೂಡ್ತೇನೇ?"

"ಕೂಡ್ತು ಕಣೇ," ಎಂದಳು ಬೊಮ್ಮಕ್ಕ. "ಎಂಥಾ ನೀಲಿ ಅಂತೀಯ! ಅಪ್ಪ ಇನ್ನು ನನ್ನನ್ನ ಎಲ್ಲಿಗೂ ಕಳಿಸಲ್ಲ."

"ಹಂಗಾದ್ರೆ ಸಾಕು ಬಿಡು," ಎಂದಿತು ಒಳಗಿನ ದನಿ.

ಎಳೆದರು, ಬೈದರು, ಹೊಡೆದರು. ಬೊಮ್ಮಕ್ಕ ಕೈ ತೆಗೆಯಲಿಲ್ಲ. ಕೆಂಚಪ್ಪ ಬಂದು ಕಾಲು ಹಿಡಿದ, ಅವನತ್ತ ತಿರುಗಲಿಲ್ಲ. ಗವಿಯೊಳಗಿನ ದನಿ ನಿಂತ ಮೇಲೂ ಅವಳು ಹಾಗೇ ಕೂತಿದ್ದಳು, ಅನ್ನ ನೀರು ಮುಟ್ಟದೆ ಹಾಗೇ ಸತ್ತಳು. ಹೆಣ ಎತ್ತಲು ಹೋದವರಿಗೆ ಆ ತೋಳು ಬರಲಿಲ್ಲವಂತೆ. ಒಳಗಿನ ಬಿಗಿಹಿಡಿತ ಸಡಿಲವಾಗಿರಲಿಲ್ಲ ಎನ್ನುತ್ತಾರೆ. ಹೆದರಿದ ಜನ ಅವಳು ಕೂತಲ್ಲೇ ಅವಳ ಮೈಸುತ್ತ ಕಲ್ಲು ಗಾರೆ ಮೆತ್ತಿ ಮುಚ್ಚಿದರು. ಓಣಿಯ ಉಳಿದ ಬಾನಿಗಳಿಗೆ ಏನೂ ಆಗಲಿಲ್ಲ, ಎಂದಿನಂತೆ ನೀಲಿ ಕೊಟ್ಟವು. ಅದನ್ನು ಕಂಡ ಮೇಲೆ ಹಿರಿಯರ ಎದೆಗೆ ಕೊಳ್ಳಿ ಇಟ್ಟಂತಾಯಿತು. ತಪ್ಪು ತಮ್ಮ ಮೇಲೆ ಬಾರದಿರಲಿ ಎಂದು, ಸುಳ್ಳು ಹುಟ್ಟಿಸಿದವಳು ಅವಳೇ ತಾನೆ ಎಂದು, ಅವಳಿಗೆ ಸುಳ್ಳವ್ವ ಎಂಬ ಹೆಸರಿಟ್ಟು, ಗುಡಿ ಕಟ್ಟಿ, ಪೂಜೆಗೆ ಕೂತರು. ಚಾವಡಿಯಲ್ಲಿ ನಿಂತು ಸುಳ್ಳು ಹೇಳಿದ ಗಂಡಸರ ಹೆಸರಿನಲ್ಲಿ ಒಂದು ದಿಬ್ಬವೂ ಈ ಊರಿನಲ್ಲಿಲ್ಲ.

ಈಗಲೂ ಗುಡಿಯೊಳಗೆ ಬಗ್ಗಿ ಹೋದವರಿಗೆ ಕೆತ್ತಿದ ವಿಗ್ರಹ ಕಾಣುವುದಿಲ್ಲ. ಗವಿಯ ಗೋಡೆಗೆ ಕೆನ್ನೆಯಿಟ್ಟು ಕೂತ ಹೆಂಗಸಿನ ಆಕಾರದ ಗಾರೆಯ ಉಬ್ಬೊಂದು ಕಾಣುತ್ತದೆ. ಕುಂಕುಮ, ಎಣ್ಣೆ ಮೆತ್ತಿ ಮೆತ್ತಿ ಮುಖ ಯಾವುದೆಂದು ತಿಳಿಯದಾಗಿದೆ. ಎಡಗೈ ಮಡಿಲಲ್ಲಿದೆ, ಬಲಗೈ ಇಲ್ಲ. ಹೊರಗಿನಿಂದ ಬಂದವರು ಕೇಳಿದರೆ ಪೂಜಾರಿ, ಹಿಂದೆ ಯಾವುದೋ ಗಲಾಟೆಯಲ್ಲಿ ಮುರಿಯಿತು ಎಂದು ಹೇಳಿ ಮಂಗಳಾರತಿ ತಟ್ಟೆ ಮುಂದೆ ಹಿಡಿಯುತ್ತಾನೆ. ಅವನ ಮಾತು ನಂಬಬೇಡಿ. ಭುಜದ ಹತ್ತಿರ ದೀಪ ಹಿಡಿದು ನೋಡಿ. ಅದು ಮುರಿದ ಜಾಗವಲ್ಲ. ತೋಳು ಗೋಡೆಯೊಳಕ್ಕೆ ಹೋಗಿದೆ.